ಆಕಾಶ ಕಾಯುವವರ ಬೇಲಿಯೊಳಗೆ ನಮ್ಮ ಪಟ್ಟದ ಹೋರಿ

ಬಾಹ್ಯಾಕಾಶ ಕಾರ್ಯಾಚರಣೆ ಘಟಕದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮ ಹೋರಿಯನ್ನು ಹೊರಗೆ ಬಿಡಿ. ತಮಿಳು ಸೀಮೆಯ ಬೋಡಿಮೆಟ್ಟು ಬೆಟ್ಟದ ರಸ್ತೆಯ ಕೆಳಗಿನ ಇಳಿಜಾರಿನಲ್ಲಿ ನೀವು ಕಟ್ಟಿರುವ ನಿಲ್ದಾಣದ ಬೇಲಿಯೊಳಗೆ, ಮಾರ್ಕಯನ್‌ಕೋಟ್ಟೈ ಊರಿನವರು ದೇವರಿಗೆ ಬಿಟ್ಟ ದನಗಳ ಮಂದೆಯ ಪಟ್ಟದ ಹೋರಿ ಆಡಿ ತಿಂಗಳಿಂದ, ಅಂದರೆ ಆಷಾಢದಿಂದ, ಸಿಕ್ಕಿಕೊಂಡಿದೆ. ತಮಿಳಿನಲ್ಲಿ ಬರೆದೆ, ಹಿಂದಿಯಲ್ಲಿ ಉತ್ತರ ಬಂತು. ಇಂಗ್ಲಿಷಿನಲ್ಲಿ ಬರೆದೆ, ಸಂಬಂಧಪಟ್ಟವರಿಗೆ ರವಾನಿಸಲಾಗಿದೆ ಎಂದು ತಿಳಿಸಿದಿರಿ. ಈಗ ಕನ್ನಡದಲ್ಲಿ, ನಿಮ್ಮ ಊರಿನವರೂ ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ. ಅದು ನಿಮ್ಮ ಭಾಷೆ, ನನ್ನದೂ ಹೌದು. ಈ ಪೀಕಲಾಟ ಶುರುವಾದದ್ದೇ ಅಲ್ಲಿಂದ.

ನಾನು ಚಿನ್ನಮನೂರಿನಲ್ಲಿ ಸ್ಕೂಟರ್ ಬಿಡಿಭಾಗಗಳ ಅಂಗಡಿ ನಡೆಸುವವಳು. ಮೈಸೂರಿನಲ್ಲಿ ಓದುವಾಗ ಕನ್ನಡದ ಅಕ್ಷರ ಕಲಿತೆ. ಮಾತು ಮಾತ್ರ, ಹಿಂದೆ ಕನ್ನಡ ಸೀಮೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಶತಮಾನಗಳಿಂದ ಇದೆ. ಮಂದೆ ಕಾಯುವ ನನ್ನ ಅಪ್ಪ ಮೂಕಯ್ಯ ನಿಲ್ದಾಣದ ಉದ್ಘಾಟನೆಗೆ ಬಂದಿದ್ದರು. ಭಾಷಣ ಮುಗಿಸಿ ನೀವು ಫೋನಿನಲ್ಲಿ ನಿಮ್ಮ ತಾಯಿಯೊಡನೆ ಕನ್ನಡದಲ್ಲಿ ಮಾತಾಡಿದ್ದು ಅವರ ಕಿವಿಗೆ ಬಿತ್ತು. ಅಷ್ಟೇ ಸಾಕಾಯಿತು. "ನಮ್ ಸೊಂದಕಾರ್ರು ಕಣಮ್ಮಾ ಅವ್ರು. ನೆಂಟ್ರು ಹೊಸ್ಮನೆ ಕಟ್ಟವ್ರೆ, ದೊರೆ ಮೊದ್ಲು ಕಾಲಿಡ್ಬೇಕಲ್ಲಾ" ಎಂದರು. ದೊರೆ ಎಂದರೆ ಆ ಹೋರಿ. ನಮ್ಮವರ ಹೊಸ ಮನೆಗೆ ಮೊದಲು ಅದು ಹೋಗಬೇಕೆಂಬುದು ಪದ್ಧತಿ. ಅಪ್ಪ ಪಕ್ಕದ ಇಳಿಜಾರಿನಲ್ಲಿ ಮೇಯುತ್ತಿದ್ದ ಮಂದೆಯನ್ನು ಒಳಗೆ ಕರೆತಂದರು. ನೀವೂ ಕೈಮುಗಿದು ಫೋಟೋ ತೆಗೆಸಿಕೊಂಡಿರಿ. ಹಸುಗಳು ಹೊರಬಂದವು. ವಯಸ್ಸಾದ ಹೋರಿ ನಿಮ್ಮ ಆಂಟೆನಾದ ದೊಡ್ಡ ಬಿಳಿ ತಟ್ಟೆಯ ನೆರಳಿನಲ್ಲಿ ಮಲಗಿತು. ದಣಿವಾರಿಸಿಕೊಂಡು ತಾನೇ ಎದ್ದು ಬರುತ್ತದೆ ಎಂದು ಅಪ್ಪ ಹೊರಗೆ ಕಾದರು. ಸಂಜೆಗೆ ನಿಲ್ದಾಣ ಕೆಲಸ ಶುರುಮಾಡಿತು, ಗೇಟು ಮುಚ್ಚಿತು. ಅಂದಿನಿಂದ ಅದನ್ನು ಕ್ಷಣಮಾತ್ರ ತೆರೆದು ಮುಚ್ಚುತ್ತಾರೆ, ತೆರೆದಿಡುವುದಿಲ್ಲ.

ನಿಮ್ಮ ಘಟಕದ ಕೆಲಸವನ್ನು ಭಾಷಣದಲ್ಲಿ ನೀವೇ ವಿವರಿಸಿದ್ದಿರಿ. ದೇಶದ ಉಪಗ್ರಹಗಳನ್ನು ಕಾಯುವುದು, ಪರದೇಶದವುಗಳ ಮೇಲೆ ಕಣ್ಣಿಡುವುದು, ಒಡೆದ ಚೂರುಗಳು ಯಾವುದಕ್ಕೂ ಡಿಕ್ಕಿಯಾಗದಂತೆ ಎಚ್ಚರಿಸುವುದು. ಮೂರೂ ಸೇನೆಗಳು ಒಂದೇ ಮನಸ್ಸಿನಿಂದ ದುಡಿಯುತ್ತವೆ ಎಂದಿರಿ, ನಾವು ಚಪ್ಪಾಳೆ ತಟ್ಟಿದೆವು. ಆ ಒಂದೇ ಮನಸ್ಸನ್ನು ಹುಡುಕಿಕೊಂಡು ನಾನು ಎಷ್ಟು ಅಲೆದೆ, ಗೊತ್ತೇ? ಗೇಟು ಭೂಸೇನೆಯದಂತೆ, ತೆರೆದಿಡಲು ವಾಯುಸೇನೆಯವರು ಹೇಳಬೇಕಂತೆ. ವಾಯುಸೇನೆಯವರಿಗೆ ತಟ್ಟೆ ಮಾತ್ರ ಸೇರಿದ್ದಂತೆ, ಆವರಣದ ಉಸ್ತುವಾರಿ ನೌಕಾಸೇನೆಯ ಅಧಿಕಾರಿಯದಂತೆ. ಸಮುದ್ರವೇ ಇಲ್ಲದ ನಮ್ಮ ಬೆಟ್ಟಕ್ಕೆ ಬಂದ ಆ ಪುಣ್ಯಾತ್ಮರು, ಪ್ರಾಣಿಗಳು ಯಾವ ವಿಭಾಗಕ್ಕೂ ಬರುವುದಿಲ್ಲ ಎಂದು ಸಜ್ಜನಿಕೆಯಿಂದಲೇ ತಿಳಿಸಿದರು. ಪ್ರಾಣಿ ಯಾರಿಗೂ ಸೇರಿಲ್ಲವೆಂದಾದರೆ ಅದನ್ನು ಹಿಡಿದಿಟ್ಟುಕೊಂಡವರು ಯಾರು?

ಒಳಗಿನ ಸಿಪಾಯಿಗಳನ್ನು ನಾನು ದೂರುವುದಿಲ್ಲ. ಮೇವು ಹಾಕುತ್ತಾರೆ, ನೀರಿಡುತ್ತಾರೆ. ಅವರಲ್ಲೊಬ್ಬರು ಹಗ್ಗ ಹಾಕಿ ಎಳೆದು ತರುತ್ತೇನೆ ಎಂದೂ ಮುಂದಾದರು. ಅಪ್ಪ ಬೇಲಿ ಹಿಡಿದು ಬೇಡಿಕೊಂಡರು. "ಹಗ್ಗ ಹಾಕ್ಬುಟ್ರೆ ದೊರೆ ಬರೀ ಎತ್ತು ಸಾರ್. ಆಮೇಲೆ ಮಂದೆ ಯಾರ್ ಹಿಂದೆ ಹೋಗೋದು?" ಪಟ್ಟದ ಹೋರಿಯನ್ನು ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ, ಅಟ್ಟುವಂತಿಲ್ಲ. ಅದು ಬದುಕಿರುವಾಗ ಇನ್ನೊಂದಕ್ಕೆ ಪಟ್ಟ ಕಟ್ಟುವಂತಿಲ್ಲ. ಅದು ದೊಡ್ಡಿ ಸೇರುವವರೆಗೆ ಮಂದೆ ಕಾಯುವವನು ತನ್ನ ಮನೆಯ ಹೊಸಿಲು ದಾಟುವಂತಿಲ್ಲ. ಇದು ಹುಚ್ಚು ಎನ್ನಿಸಿದರೆ ಎನ್ನಿಸಲಿ. ನಿಮಗೂ ನಿಯಮಗಳಿವೆ, ಅವುಗಳನ್ನು ಹುಚ್ಚೆಂದು ಯಾರೂ ಕರೆದಿಲ್ಲ.

ಹೀಗಾಗಿ ಅಪ್ಪ ನಿಮ್ಮ ಗೇಟಿನ ಎದುರು ಟಾರ್ಪಾಲಿನ ಕೆಳಗಿದ್ದಾರೆ. ಕೆಮ್ಮು ಎದೆಗೆ ಇಳಿದಿದೆ. ಬೋಡಿಯ ವೈದ್ಯರು ಇಲ್ಲಿಯ ಚಳಿಯಲ್ಲಿ ಇರಕೂಡದು ಎಂದಿದ್ದಾರೆ. ನಾನು ಅತ್ತಿದ್ದೇನೆ, ಬೈದಿದ್ದೇನೆ. ಅವರು ಏಳುವುದಿಲ್ಲ. ಒಳಗೆ ಹೋರಿ ಬೇಲಿಯುದ್ದಕ್ಕೂ ಸುತ್ತುತ್ತದೆ, ಹೊರಗೆ ಹಸುಗಳು ಅದರ ಜೊತೆಗೇ ಸುತ್ತುತ್ತವೆ. ಸುತ್ತುವುದನ್ನೆಲ್ಲ ಗಮನಿಸಲು ಸರ್ಕಾರ ನಿಮ್ಮನ್ನು ನೇಮಿಸಿದೆಯಲ್ಲ, ಒಂದು ಸಲ ಕಿಟಕಿಯಿಂದ ಇದನ್ನೂ ನೋಡಿ.

ನಾನು ಕೇಳುವುದು ಇಷ್ಟೆ. ಒಂದು ಬೆಳಿಗ್ಗೆ ಗೇಟು ತೆರೆದಿಡಿ. ಯಾರೂ ಒಳಗೆ ಬರುವುದಿಲ್ಲ. ಹಸುಗಳು ಹೊರಗೆ ನಿಂತು ಕೂಗುತ್ತವೆ, ಹೋರಿ ತಾನೇ ನಡೆದು ಬರುತ್ತದೆ. ಆದೇಶ ಯಾರು ಕೊಡಬೇಕೆಂಬ ಗೊಂದಲವಿದ್ದರೆ, ನೀವೇ ಬಂದು ಅಗುಳಿ ಸರಿಸಿ. ಅಪ್ಪ ಇಂದಿಗೂ ನಿಮ್ಮನ್ನು ಬೈಯುವುದಿಲ್ಲ. ನಿನ್ನೆ ಗಂಜಿ ಕೊಟ್ಟಾಗ ನನ್ನನ್ನು ಕೇಳಿದರು: "ಅವ್ರಿಗೆ ಯಾರೂ ಸೊಲ್ಲಿಲ್ವೇನೋ, ಯೋಳಿಲ್ವೇನೋ ಮಗಾ. ಗೊತ್ತಾದ್ರೆ ನಮ್ಮೋರು ನಮ್ಮುನ್ನ ಹಿಂಗೆ ಬುಟ್ಟಾರಾ?"

ಈಗ ನಿಮಗೆ ಗೊತ್ತಾಯಿತು. ಅಪ್ಪನಿಗೆ ನಾನು ಏನು ಹೇಳಲಿ?

ಇಂತಿ,
ನಿಮ್ಮನ್ನು ನೆಂಟರೆಂದು ನಂಬಿ ಬೀದಿಯಲ್ಲಿ ಕೂತವರ ಮಗಳು,
ಮಣಿಮೇಗಲೈ
ಚಿನ್ನಮನೂರು