ಬರಿಗೊಳದಲ್ಲಿ "ಯಾರಲ್ಲಿ?"

ರಾಜಪಾರ್ಟು ಕಲಿಸಿದ ದೊಡ್ಡಪ್ಪನವರಿಗೆ ಟೈಲ್ಸ್ ಮೇಸ್ತ್ರಿಯ ದೀರ್ಘದಂಡ ನಮಸ್ಕಾರ!

ಇಪ್ಪತ್ತು ವರ್ಷ ಬೀಗ ಬಿದ್ದಿದ್ದ ವಿಶ್ವವಿದ್ಯಾಲಯದ ಈಜುಕೊಳಕ್ಕೆ, ಬೊಚ್ಚುಬಾಯಿಗೆ ಹಲ್ಲು ಕಟ್ಟಿದಂತೆ, ಹೊಸ ಟೈಲ್ಸ್ ಕೂರಿಸಿದ್ದೇವೆ. ಮೊನ್ನೆ ಮಧ್ಯಾಹ್ನ ನೀರಿಲ್ಲದ ಕೊಳದ ನಟ್ಟನಡುವೆ ಒಬ್ಬನೇ ನಿಂತೆ. ಹಳೇ ಚಾಳಿ ಬಿಟ್ಟೀತೇ? "ಯಾರಲ್ಲಿ?" ಎಂದು ಗುಡುಗಿದೆ. ಆಳದ ಮೂಲೆಯಿಂದ ಉತ್ತರ ಬಂತು: "ಅಪ್ಪಣೆಯಾಗಲಿ ಪ್ರಭು!" ನೋಡಿದರೆ ನರಪಿಳ್ಳೆಯಿಲ್ಲ!

ಎದ್ದೆನೋ ಬಿದ್ದೆನೋ ಎಂದು ಓಡಿಬಂದೆ. ಹೊರಗಿನಿಂದ ನನ್ನ ಗುಡುಗು ಕೇಳಿಸಿಕೊಂಡಿದ್ದ ಕಾವಲುಗಾರ ಕೇಳಿದ: "ಕರೆದಿದ್ದೇನೋ ಸರಿ ಮೇಸ್ತ್ರಿ, ವಾಪಸ್ ಹೋಗು ಅಂದ್ರಾ?" ಅದನ್ನೇ ಮರೆತಿದ್ದೆ!

ಮೈಗೆ ಪರವಾಗಿಲ್ಲ, ಗಂಟಲು ಮಾತ್ರ ಅಂದಿನಿಂದ ಕಟ್ಟಿದೆ, ಪಿಸುಮಾತೂ ಹೊರಡದು. ಸೋಮವಾರ ನೀರು ತುಂಬಿಸಿ ವಿದ್ಯಾರ್ಥಿಗಳನ್ನು ಇಳಿಸುತ್ತಾರೆ. ಅಷ್ಟರೊಳಗೆ ಬಂದು, ನಿಮ್ಮ ಕಂಠದಲ್ಲಿ "ನೀನಿನ್ನು ತೆರಳು" ಎಂದುಬಿಡಿ.

ನಿಲ್ಲಿಸುತ್ತೇನೆ. ಆ ದನಿ ಈಗ ನನ್ನ ಕೋಣೆಯ ಬಾಗಿಲಲ್ಲೇ "ಅಪ್ಪಣೆ?" ಎನ್ನುತ್ತಿದೆ.

ನಿಮ್ಮ ತಮ್ಮನ ಮಗ