ಹೊಳೆಯ ದಾರಿಗೆ ಆಣೆಯಿಲ್ಲ

ಧನಗೆರೆ
ನವೆಂಬರ್ ೯, ಭಾನುವಾರ

ಮಹಾಗೌರವಾನ್ವಿತಳೂ ಮಹಾಕೋಪಿಷ್ಠಳೂ ಆದ ನನ್ನ ಪ್ರೀತಿಯ ಅಜ್ಜಿಗೆ,

ಮೊಮ್ಮಗ ಮಲ್ಲಿ ಮಾಡುವ ಸಾಷ್ಟಾಂಗ ನಮಸ್ಕಾರ. ಇದು ಬರೀ ಬರವಣಿಗೆಯ ಸಾಷ್ಟಾಂಗವಲ್ಲ, ಜಗಲಿಯ ಮೇಲೆ ಬೋರಲು ಮಲಗಿಕೊಂಡೇ ಬರೆಯುತ್ತಿದ್ದೇನೆ. ಮಂಡಿನೋವು ಹೇಗಿದೆ? ಯಳಂದೂರಿನ ನೀರು ಒಗ್ಗಿತೆ? ಮಾಲಿನಿ ಅತ್ತೆ ಸಾರಿಗೆ ಹುಣಸೆಹಣ್ಣು ಜಾಸ್ತಿ ಹಿಂಡುತ್ತಾಳೆ, ನಿನಗೆ ಎದೆ ಉರಿ ಬರುತ್ತದೆ ಎಂದು ತಾತ ದಿನಾ ಹೇಳುತ್ತಾರೆ. ನನಗಲ್ಲ, ಎಮ್ಮೆಗೆ. ನೀನು ಹೋದಾಗಿನಿಂದ ಮನುಷ್ಯರ ಜೊತೆ ಅವರ ಮಾತು ಕಡಿಮೆ. ಅಪ್ಪ ಅಮ್ಮ ರೇಷ್ಮೆಮನೆ ಬಿಟ್ಟು ಈಚೆ ಬಂದಿಲ್ಲ, ಹುಳು ಪೊರೆ ಬಿಡುವ ನಾಲ್ಕನೇ ಜ್ವರದಲ್ಲಿದೆ. ಆದ್ದರಿಂದ ಮುದ್ದೆ ಕಟ್ಟುವ ಜವಾಬ್ದಾರಿ ನನ್ನ ಮೇಲಿದೆ. ನನ್ನ ಮುದ್ದೆಯನ್ನು ತಾತ ಮೊನ್ನೆ ಗೋಡೆಯ ಬಿರುಕಿಗೆ ಮೆತ್ತಿದರು. ಚೆನ್ನಾಗಿ ಹಿಡಿದುಕೊಂಡಿದೆ.

ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀಯ. ಕಾಗದವನ್ನು ಹಾಗೆ ಕಟ್ ಮಾಡಲಾಗದು. ಹರಿದು ಹಾಕಬಹುದು, ನಿಜ. ಆದರೆ ಹರಿಯುವ ಮೊದಲು, ಈ ತರಲೆ ಏನು ಗೀಚಿದ್ದಾನೋ ನೋಡೋಣ ಎಂದು ನಿನಗೆ ಅನ್ನಿಸಿಯೇ ಅನ್ನಿಸುತ್ತದೆ. ನಿನ್ನನ್ನು ಅಷ್ಟರಮಟ್ಟಿಗೆ ಬಲ್ಲೆ.

ದೋಣಿಯ ವಿಚಾರಕ್ಕೆ ಬರುತ್ತೇನೆ. ಅದರ ಹೆಸರು ಕಯಾಕ್. ಕನಕಾಂಬರದ ಬಣ್ಣ, ಕೂರಲು ಹಿಂದೆ ಮುಂದೆ ಎರಡು ಕುಳಿ. ಬಾಗಿಲು ಮುಚ್ಚಿದ ಒಂದು ರೆಸಾರ್ಟಿನಿಂದ ಅದನ್ನು ಉದ್ಧಾರ ಮಾಡಿ ತಂದೆ. ಅಮೆರಿಕದಲ್ಲಿ ಜನ ಇಂಥದರಲ್ಲಿ ಕೂತು ಬಾಸ್ ಎಂಬ ಹೊಳೆಮೀನು ಹಿಡಿಯುತ್ತಾರೆ, ಅದಕ್ಕೊಂದು ಮುತ್ತು ಕೊಟ್ಟು, ಫೋಟೋ ತೆಗೆದು, ಮತ್ತೆ ನೀರಿಗೇ ಬಿಡುತ್ತಾರೆ. ಇದನ್ನು ವೀಡಿಯೊದಲ್ಲಿ ನೋಡಿ ನೋಡಿ ನನ್ನ ನಿದ್ದೆ ಕೆಟ್ಟಿತ್ತು. ನಮ್ಮ ಕಾವೇರಿಯಲ್ಲಿ ಬಾಸ್ ಇಲ್ಲ, ಕುಚ್ಚು ಮೀನಿದೆ. ಕೋಪದಲ್ಲಿ, ಹಟದಲ್ಲಿ ಅದೇನೂ ಕಡಿಮೆಯಿಲ್ಲ. ಬರೆಯುವಾಗ ಯಾರ ನೆನಪಾಯಿತೋ ಹೇಳುವುದಿಲ್ಲ.

ದಿನಾ ಲಿಂಗಪೂಜೆಯಾಗುವ ಮನೆಗೆ ಮೀನಿನ ದೋಣಿ ಎಂದು ಹೇಳಿ ತರಲಾದೀತೆ? ಹಾಗಾಗಿ ಇದು ಎಮ್ಮೆಗೆ ಬೂಸಾ ಕಲಸುವ ಹೊಸ ಮಾದರಿಯ ತೊಟ್ಟಿ ಎಂದೆ. ಆ ಸುಳ್ಳಿನ ಮೇಲೆ ನನಗೆ ಈಗಲೂ ಗೌರವವಿದೆ. ನೀನು ಅರಿಸಿನ ಕುಂಕುಮ ಇಟ್ಟು ಅದರಲ್ಲಿ ಬೂಸಾ ಕಲಸಿದೆ, ಎಮ್ಮೆಯೂ ಮನಸಾರೆ ಒಪ್ಪಿಕೊಂಡಿತು. ಅಷ್ಟರಲ್ಲಿ ಮೀನು ಹಿಡಿಯುವ ರಂಗನಾಥ ಬಾಗಿಲಲ್ಲಿ ನಿಂತು, "ಅಜ್ಜೋ, ಮಲ್ಲಿ ಮೀನಿಡಿಯೋ ದೋಣಿ ತಂದವ್ನಂತೆ, ವಸಿ ತೋರ್ಸಿ" ಎಂದುಬಿಟ್ಟ.

ಹಿಡಿದರೂ ಬಿಟ್ಟುಬಿಡುತ್ತೇನೆ ಅಜ್ಜಿ, ತಿನ್ನುವುದಿಲ್ಲ ಎಂದು ನಾನು ಅಂಗಲಾಚಿದ್ದಕ್ಕೆ ನೀನು ಕೇಳಿದ್ದು, "ಇಡ್ದು ಬುಡೋದಾದ್ರೆ ಇಡಿಯೋದ್ಯಾಕ್ಲಾ? ಅದ್ರ ಬಾಯ್ಗೆ ಮುಳ್ ಚುಚ್ಚಾಕಾ?" ರಂಗನಾಥನೂ ನನ್ನ ಪರ ನಿಲ್ಲಲಿಲ್ಲ. "ತಿನ್ನಂಗಿಲ್ಲ, ಮಾರಂಗಿಲ್ಲ, ಮುತ್ ಕೊಟ್ ಕಳ್ಸೋದಾ? ಮೀನ್ಗೇನ್ ನಿಶ್ಚಿತಾರ್ಥ ಮಾಡ್ತಿದ್ದೀಯೇನ್ಲಾ?" ಎಂದ. ಆಗ ನೀನು ಸೆರಗು ಬಿಗಿದು, "ಆ ದೋಣಿ ಈ ಮನೇಲಿರೋಗಂಟ ನಾನೀ ವಸ್ಲು ತುಳಿಯಾಕಿಲ್ಲ, ಮಾದಪ್ಪನಾಣೆ" ಎಂದು ಬಸ್ ಹತ್ತಿದೆ. ತಾತ ಪೇಪರಿನ ಹಿಂದಿನಿಂದ "ಓಗ್ಲಿ ಬುಡು" ಅಂದರು. ಆ ಪೇಪರು ತಲೆಕೆಳಗಾಗಿತ್ತು. ಅದನ್ನು ನೀನು ನೋಡಲಿಲ್ಲ.

ನಮ್ಮ ಸೀಮೆಯಲ್ಲಿ ಮಾದಪ್ಪನ ಆಣೆ ಕೋರ್ಟಿನ ಆರ್ಡರಿಗಿಂತ ದೊಡ್ಡದು, ಅದಕ್ಕೆ ಅಪೀಲಿಲ್ಲ. ಕಷ್ಟವೆಂದರೆ ತಾತನ ಆಣೆಯೂ ಒಂದಿದೆ. ನಿನ್ನ ಅಳಿಯ ಶಾಂತಮೂರ್ತಿ ಮಾವನ ಗೃಹಪ್ರವೇಶದಲ್ಲಿ ತಾತ ಪಾಯಸ ತೆಳ್ಳಗಿದೆ ಎಂದರಲ್ಲ, ಮಾವ "ನಿಮ್ಮನೆ ಮಜ್ಜಿಗೆಗಿಂತ ಗಟ್ಟಿಗದೆ ಕಣ್ರಿ" ಎಂದರಲ್ಲ, ಆಗ ತಾತ ಎಲೆ ಮುಂದಿನಿಂದ ಎದ್ದು, "ಇನ್ನು ಈ ಯಳಂದೂರು ರಸ್ತೆಗೆ ಕಾಲಿಟ್ರೆ ಮಾದಪ್ಪನಾಣೆ" ಎಂದರು. ಹೀಗೆ ನೀನು ಬರುವ ಹಾಗಿಲ್ಲ, ಅವರು ಕರೆಯಲು ಹೋಗುವ ಹಾಗಿಲ್ಲ. ಮಾದಪ್ಪ ಬೆಟ್ಟದ ಮೇಲೆ ನೆಮ್ಮದಿಯಾಗಿದ್ದಾನೆ. ಇಲ್ಲಿ ಮುದ್ದೆ ಗೋಡೆ ಸೇರುತ್ತಿದೆ.

ದೋಣಿಯನ್ನು ಅವತ್ತೇ ತೊಲಗಿಸಬಹುದಿತ್ತಲ್ಲ ಎನ್ನುತ್ತೀಯ. ಗಿರಾಕಿಯನ್ನೂ ಹುಡುಕಿದ್ದೆ. ಅವನಿಗೆ ಓಡಿಸಿ ತೋರಿಸಲು ಹನೂರಿನ ಗ್ಯಾರೇಜಿನಲ್ಲಿ ಕಬ್ಬಿಣದ ಪಟ್ಟಿ ಬೆಸುಗೆ ಹಾಕಿಸಿ, ದೋಣಿಯ ಬಾಲಕ್ಕೆ ಎಲೆಕ್ಟ್ರಿಕ್ ಮೋಟರು ಸಿಕ್ಕಿಸಿದೆ. ಬ್ಯಾಟರಿ ನಮ್ಮ ಟ್ರಾಕ್ಟರಿನದು. (ಟ್ರಾಕ್ಟರು ಸದ್ಯ ವಿಶ್ರಾಂತಿಯಲ್ಲಿದೆ.) ನನ್ನನ್ನು ಬೈಯಲು ಹೊಳೆದಂಡೆಗೆ ಬಂದ ತಾತ, "ಕೊಡೋಕ್ ಮುಂಚೆ ಒಂದ್ಸಲ ಕೂತ್ ನೋಡ್ತೀನಿ" ಎಂದು ಹಿಂದಿನ ಕುಳಿಯಲ್ಲಿ ಕೂತು ಹಿಡಿ ತಿರುಗಿಸಿದರು. ದೋಣಿ ಸದ್ದಿಲ್ಲದೆ ಹೊರಟಿತು. "ಇದ್ಕೆ ಉಸ್ರೇ ಇಲ್ವಲ್ಲಾ!" ಎಂದರು. ಆಮೇಲೆ ನಲವತ್ತು ವರ್ಷ ಎತ್ತು ಹೊಡೆದ ಕೈ ಸುಮ್ಮನಿರಲಿಲ್ಲ. ಎಡಕ್ಕೆ ಹೊರಳಿಸುವಾಗ ನಾಲಿಗೆಯಲ್ಲಿ ಲೊಚ್ ಎಂದರು, ನಿಲ್ಲಿಸುವಾಗ "ವೋ… ವೋ… ನಿಂತ್ಕೊ ಮಗನೆ" ಎಂದರು, ದಡ ಸೇರಿದ ಮೇಲೆ ಮೋಟರಿನ ಬೆನ್ನು ಸವರಿದರು. ಗಿರಾಕಿಯನ್ನು "ಓಗಪ್ಪ, ಇದು ಮಾರಾಕಿಲ್ಲ" ಎಂದು ಕಳಿಸಿದರು. ಅಂದಿನಿಂದ ದಿನಾ ಬೆಳಿಗ್ಗೆ ಅಭ್ಯಾಸ. ನಾನು ಮುಂದಿನ ಕುಳಿಯಲ್ಲಿ ಗಾಳ ಹಿಡಿದು ಕೂತಿರುತ್ತೇನೆ, ಅವರ ಬೈಗುಳಕ್ಕೆ ಹೆದರಿ ಒಂದು ಮೀನೂ ಹತ್ತಿರ ಸುಳಿದಿಲ್ಲ.

ಯಾತಕ್ಕೆ ಈ ಅಭ್ಯಾಸ ಎಂದು ನಾನು ಕೇಳಲಿಲ್ಲ. ಮೊನ್ನೆ ತಾತ ಎಲೆಯಡಿಕೆ ಕುಟ್ಟುತ್ತಾ, ಯಾರನ್ನೋ ಕೇಳುವ ಹಾಗೆ, "ಹೊನ್ನೊಳೆ ಯಳಂದೂರ್ ತಾವ್ಲೇ ಬತ್ತದಲ್ವಾ?" ಎಂದರು. ನಾನು, "ಬತ್ತದೆ ತಾತ, ಅತ್ತೆ ಮನೆ ಹಿತ್ಲಿಗೇ" ಎಂದೆ. "ಸುಮ್ನೆ ಕೇಳ್ದೆ ಕಣ್ಲಾ" ಎಂದರು. ಇವತ್ತು ಪಂಚೆಗೆ ಇಸ್ತ್ರಿ ಮಾಡಿಸಿದ್ದಾರೆ. ಅಂದಹಾಗೆ, ಈಗಲೂ ಅವರು ಕುಟ್ಟುವುದು ಎರಡು ಪಾಲು ಎಲೆಯಡಿಕೆ. ನಿನಗೆ ಹಲ್ಲಿಲ್ಲವೆಂದು ನಿನ್ನ ಪಾಲನ್ನು ನುಣ್ಣಗೆ ಕುಟ್ಟಿ ಕಿಟಕಿಯಲ್ಲಿ ಇಡುತ್ತಾರೆ. ಸಂಜೆಗೆ ಒಣಗಿದರೆ ಎಸೆದು ಮತ್ತೆ ಕುಟ್ಟುತ್ತಾರೆ.

ಇಷ್ಟು ಸಾಕು. ನಾಳೆ ಬೆಳಿಗ್ಗೆ ದೋಣಿ ಈ ಮನೆ ಬಿಡುತ್ತದೆ ಎಂದು ಈ ಮೂಲಕ ನಿನ್ನ ಸನ್ನಿಧಿಗೆ ಅರಿಕೆ ಮಾಡಿಕೊಳ್ಳುತ್ತೇನೆ. ಅತ್ತೆಗೆ ನಮಸ್ಕಾರ, ಮಾವನಿಗೆ ಅರ್ಧ ನಮಸ್ಕಾರ (ತಾತನ ಅಪ್ಪಣೆ). ನಿನ್ನ ಕಾಲಿಗೆ ಬಿದ್ದಿದ್ದೇನೆ, ಏಳು ಎಂದು ನೀನು ಹೇಳುವ ತನಕ ಏಳುವುದಿಲ್ಲ. ಊಟದ ಹೊತ್ತು ಬಿಟ್ಟು.

ನಿನ್ನ ತರಲೆ, ನಿನ್ನದೇ ತಪ್ಪಿನಿಂದ ಮುದ್ದಾಗಿ ಬೆಳೆದ,
ಮಲ್ಲಿಕಾರ್ಜುನಸ್ವಾಮಿ

ಮ.ವಿ.: ಅಜ್ಜೀ, ಸೋಮವಾರ. ಅತ್ತೆ ಮನೆಯ ಹಿತ್ತಲಿನ ಹೊಳೆಯಲ್ಲಿ, ನೀನು ಬಟ್ಟೆ ಒಗೆಯುವ ಕಲ್ಲಿನಿಂದ ಕೂಗಳತೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮಾದಣ್ಣನ ಗೂಡ್ಸ್ ಆಟೋ ನಮ್ಮನ್ನು ಹೊನ್ನುಹೊಳೆ ಕಾವೇರಿ ಸೇರುವಲ್ಲಿ ಇಳಿಸಿತು. ಅಲ್ಲಿಂದ ಇಲ್ಲಿಯವರೆಗೆ ರಸ್ತೆಯೇ ಇಲ್ಲ, ಬರೀ ನೀರು. ಕಟ್ಟೆ ಅಡ್ಡ ಬಂದಲ್ಲೆಲ್ಲ ನಾನು ದೋಣಿ ಹೊತ್ತೆ, ತಾತ ಕೊಡೆ ಹೊತ್ತರು. ದಾರಿಯಲ್ಲಿ ನನ್ನ ಗಾಳಕ್ಕೆ ಕೊನೆಗೂ ಒಂದು ಕುಚ್ಚು ಬಿತ್ತು. ತಾತ ಮುಳ್ಳು ಬಿಡಿಸಿ, "ತಪ್ಪಾಯ್ತು ಕಣಪ್ಪ, ಓಗು" ಎಂದು ಬಿಟ್ಟರು. ಆಮೇಲೆ ನನ್ನ ಗಾಳದ ಮುಳ್ಳುಗಳನ್ನೆಲ್ಲ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು. ಇನ್ನು ಕೊಡುವುದಿಲ್ಲವಂತೆ.

ಈ ಕಾಗದವನ್ನು, ರಸ್ತೆಯಲ್ಲಿ ಆಟೋ ತಂದು ದಡದಲ್ಲಿ ಕಾದಿರುವ ಮಾದಣ್ಣನ ಕೈಲಿ ಕಳಿಸುತ್ತಿದ್ದೇನೆ. ದೋಣಿ ಮನೆ ಬಿಟ್ಟಾಯಿತು, ವಾಪಸ್ಸು ಮನೆಗೂ ಬರುವುದಿಲ್ಲ, ಹೊಳೆ ಕಾವೇರಿ ಸೇರುವಲ್ಲಿ ರಂಗನಾಥನಿಗೆ ಒಪ್ಪಿಸುವುದು. ಹಾಗಾಗಿ ನಿನ್ನ ಆಣೆ ತೀರಿತು. ತಾತ ಮಾತ್ರ ದಡಕ್ಕೆ ಇಳಿಯುತ್ತಿಲ್ಲ, ಇಸ್ತ್ರಿ ಪಂಚೆ, ಶಲ್ಯ, ಕೊಡೆ, ಮಡಿಲಲ್ಲಿ ಎಲೆಯಡಿಕೆ ಪೊಟ್ಟಣದೊಂದಿಗೆ ಹೊಳೆ ನಡುವೆ ಮದುಮಗನ ಹಾಗೆ ಕೂತಿದ್ದಾರೆ. ನಿನಗೆ ಹೇಳು ಎಂದದ್ದು ಇಷ್ಟು: "ಕರೆಯಾಕ್ ಬಂದಿಲ್ಲ ಅನ್ನು. ಮೋಟ್ರು ಕೆಟ್ಟೋಯ್ತು, ಅದ್ಕೆ ನಿಂತಿದ್ದೀವಿ ಅನ್ನು."

ಮೋಟರು ಕೆಟ್ಟಿಲ್ಲ ಅಜ್ಜಿ. ನಿನ್ನ ಒಗೆಯುವ ಕಲ್ಲು ಕಂಡ ಕೂಡಲೇ ಅವರೇ ಮೆಲ್ಲಗೆ ವೈರು ಕಿತ್ತು ಪಂಚೆಯ ಅಡಿಗೆ ಸೇರಿಸಿದರು. ಮುಂದೆ ಕೂತು ಫೋನಿನ ಕ್ಯಾಮರಾದಲ್ಲಿ ಕ್ರಾಪು ಸರಿಮಾಡಿಕೊಳ್ಳುತ್ತಿದ್ದ ನಾನು ಎಲ್ಲ ನೋಡಿದೆ. ಮುಂದಿನ ಕುಳಿ ನಿನಗೆಂದು ಒರೆಸಿ ಇಟ್ಟಿದ್ದೇನೆ, ನಾನು ಆಟೋದಲ್ಲಿ ಬರುತ್ತೇನೆ. ನೀನು ಬೇಗ ಬಾ. ವೈರಿನ ವಿಚಾರ ಗೊತ್ತಿಲ್ಲದವಳ ಹಾಗೆ ಬಾ.