ಆ ಇಬ್ಬರ ಬಟ್ಟಲು

ಶಹಾಪುರ, ಸೋಮವಾರ

ಪೂಜ್ಯ ಸಭಾಪಾಲಕರೇ,

ನಿನ್ನೆ ತಾವು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ ಕಾರಣ, ನಡೆದದ್ದನ್ನು ವಿನಯಪೂರ್ವಕ ವರದಿ ಮಾಡುತ್ತೇನೆ. ‘ಆಟೋ ಗುರುತಿಗೆ ಓಟು ಹಾಕಿದ ಪಾಪಿಗಳಿಗೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸವಿಲ್ಲ’ ಎಂದು ಸಭೆಯ ಹಿರಿಯರಾದ ದಾನಿಯೇಲಪ್ಪನವರು ನನ್ನ ಸೋದರತ್ತೆ ಸುವಾರ್ತಮ್ಮನನ್ನು ತಡೆದರು. ದಾನಿಯೇಲಪ್ಪನವರ ಕೋಟಿನ ಬೆನ್ನಿಗೆ ಆಟೋ ಚಿತ್ರ ಅಂಟಿಸಿದ್ದವನು ನಾನೇ. ಜನ ನಗಲೆಂದು ಕಾದಿದ್ದೆ.

ಅತ್ತೆ ಅವರೆದುರು ಕೈಮುಗಿದಳು. “ಅಣ್ಣಾರ, ನನ್ನ ಮ್ಯಾಲ ಸಿಟ್ಟಿಟ್ಕೊಂಡು ಉಂಡ್ರ ನಿಮಗೇ ಕೇಡು. ರಾಜಿ ಆಗೂಣ ಬರ್ರಿ. ಅಲ್ಲೀತನಕ ನಾನೂ ಉಣ್ಣಂಗಿಲ್ಲ.”

‘ಮೊದಲು ನಿನ್ನ ಸಹೋದರನ ಸಂಗಡ ಒಂದಾಗು’ ಎಂಬ ಬೈಬಲ್ಲಿನ ಮಾತು ಎದ್ದು ನಡೆದಾಡಿದ್ದನ್ನು ಮೊದಲ ಸಲ ಕಂಡೆ. ನಾನೇ ಹೋಗಿ ಚಿತ್ರ ಕಿತ್ತೆ. ದಾನಿಯೇಲಪ್ಪನವರೂ ಉಣ್ಣದೇ ಹೊರನಡೆದರು.

ಅಂಟಿನ ಕಲೆ ಸೀಮೆಎಣ್ಣೆಗೆ ಹೋಗುತ್ತದೆಂದು ಅವರಿಗೆ ತಿಳಿಸಿ. ಮುಂದಿನ ಭೋಜನಕ್ಕೆ ಆ ಇಬ್ಬರ ಬಟ್ಟಲು ಪಕ್ಕಪಕ್ಕದಲ್ಲಿಡಿ.

ಹಿಂದಿನ ಬೆಂಚಿನ ಪಾಪಿ,
ಎಲೀಷ